ಮಾವನಿಗೆ ಮಾರಿದ ತೋಟಾ ಡಬ್ಬಿ

ಭಾನುವಾರ ಚರ್ಚಿನಿಂದ ಬಂದವರೆಲ್ಲ ಓಪಲಮ್ಮನ ಅಡಿಗೆಮನೆಯ ಮೇಜಿಗೆ ಕೂತು ಹುರುಳಿಕಾಯಿ, ಜೋಳದ ರೊಟ್ಟಿ ತಿನ್ನುತ್ತಿದ್ದಾಗ, ಹಿರಿಮಗ ರಾಡ್ನಿ ತಂದೆಯ ಮುಂದೆ ಕೈ ಚಾಚಿದ.

"ಅಪ್ಪಾ, ಗಾಡಿ ಕೀ ಕೊಡು."

ಓಪಲಮ್ಮನ ಗಂಡ, ಮುದುಕ ವರ್ಲಿನ್ ಮಗನ ಮುಖ ನೋಡಿದ. ಅವನಿಗೆ ಎಪ್ಪತ್ತೊಂಬತ್ತು. ಮೂವತ್ನಾಲ್ಕು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಹೋದ ವಾರ ಬೆಳಿಗ್ಗೆ ಎದ್ದು, ಬುತ್ತಿ ಕಟ್ಟಿಕೊಂಡು, ಪಿಕಪ್ ಓಡಿಸಿಕೊಂಡು ಆ ಗಣಿಗೇ ಹೋಗಿದ್ದ. ಗಣಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ತುಕ್ಕು ಹಿಡಿದ ಗೇಟಿನ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದವನನ್ನು ಯಾರೋ ಕಂಡು ಮನೆಗೆ ಕರೆತಂದಿದ್ದರು.

"ದಾರೀಲಿ ಯಾರಿಗಾದ್ರೂ ಗುದ್ದಿದ್ರೆ ಏನು ಗತಿ? ಕೊಡಪ್ಪಾ. ನಿನಗೆ ಎಲ್ಲಿಗೆ ಹೋಗ್ಬೇಕೋ ನಾವು ಕರ್ಕೊಂಡು ಹೋಗ್ತೀವಿ. ಡ್ರೈವರ್ ಇಟ್ಕೊಂಡ ಸಾಹುಕಾರ ಆದೆ ಅಂದ್ಕೋ," ಎಂದ ರಾಡ್ನಿ.

ಎಲ್ಲರೂ ನಕ್ಕರು. ಮುದುಕ ಜೇಬಿನಿಂದ ಕೀ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟು ಮತ್ತೆ ರೊಟ್ಟಿ ಮುರಿದ. ಅಷ್ಟಕ್ಕೇ ಕೆಲಸ ಮುಗಿಯಿತು. ಬಡಿಸಿದ ಹುರುಳಿಕಾಯಿ ಇನ್ನೂ ಆರಿರಲಿಲ್ಲ.

ಕಿರಿಮಗ ಕೆಂಟನ ಹೆಂಡತಿ ಮಾರ್ಲಾಗೆ, ಇಷ್ಟು ಸುಲಭವೇ ಎನ್ನಿಸಿತು. ಆ ಧೈರ್ಯದಲ್ಲೇ ಬಾಯಿ ಬಿಟ್ಟಳು.

"ಹಾಗಾದ್ರೆ ಅದನ್ನೂ ಇವತ್ತೇ ತಗೊಂಡು ಹೋಗಿಬಿಡಿ ಭಾವ." ಅವಳು ಹಿತ್ತಿಲ ಬಾಗಿಲಿನ ಕಡೆ ಕಣ್ಣು ಹಾಯಿಸಿದಳು. ಬಾಗಿಲ ಹಿಂದೆ, ಪೊರಕೆಯ ಪಕ್ಕದಲ್ಲಿ, ಮಾವನ ಜೋಡುನಳಿಗೆ ಬಂದೂಕು ಒರಗಿ ನಿಂತಿತ್ತು.

ಮೇಜಿನ ಸುತ್ತ ನಗು ನಿಂತಿತು. ಕೆಂಟ್ ತಟ್ಟೆ ನೋಡತೊಡಗಿದ.

"ಗಾಡಿ ಬೇರೆ, ಬಂದೂಕು ಬೇರೆ ಮಾರ್ಲಾ," ಎಂದ ರಾಡ್ನಿ. "ಅದು ನಮ್ಮ ತಾತಂದು. ಗಂಡಸು ಉಸಿರಾಡ್ತಿರೋವಾಗ ಅವನ ಬಂದೂಕಿಗೆ ಕೈ ಹಾಕೋ ವಂಶ ಅಲ್ಲ ನಮ್ದು."

"ಗುರುತು ತಪ್ಪುತ್ತಿದೆ ಅಂತ ತಾನೆ ಕೀ ಇಸ್ಕೊಂಡಿದ್ದು?"

"ಗಾಡಿ ರಸ್ತೇಲಿ ಓಡುತ್ತೆ. ದಾರೀಲಿ ಹೋಗೋರಿಗೆ ಅಪಾಯ. ಬಂದೂಕು ಮನೇಲಿರುತ್ತೆ."

"ಮನೇಲಿರೋರು ಲೆಕ್ಕಕ್ಕಿಲ್ವಾ ಭಾವ?"

ಅದಕ್ಕೆ ಉತ್ತರ ಕೊಟ್ಟವಳು, ಯಾರ ಪರವಾಗಿ ಆ ಮಾತು ಬಂದಿತ್ತೋ ಆ ಓಪಲಮ್ಮನೇ. "ಸಾಕು ಬಿಡು ಮಾರ್ಲಾ. ಐವತ್ತೆರಡು ವರ್ಷದಿಂದ ಅದರ ಪಕ್ಕದಲ್ಲೇ ಪೊರಕೆ ಇಟ್ಕೊಂಡು ಗುಡಿಸಿದೀನಿ. ನನ್ನನ್ನೇನು ಅದು ಕಚ್ಚಿತಾ? ಊಟ ಮಾಡು."

ಕೊನೆಗೆ ಗಂಡಸರು ಒಂದು ರಾಜಿಗೆ ಬಂದರು. ಮನೆಯಲ್ಲಿರುವ ತೋಟಾಗಳನ್ನೆಲ್ಲ ಕೆಂಟ್ ತನ್ನ ಮನೆಗೆ ಒಯ್ಯುವುದು. ಬಂದೂಕು ಮಾತ್ರ ಇದ್ದಲ್ಲೇ ಇರುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು. ಹಾವು ಸತ್ತಿರಲಿಲ್ಲ ಎಂಬುದಂತೂ ನಿಜ.

ಮಾರ್ಲಾಗೆ ತೋಟಾಗಳ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಯಲ್ಲಿ, ಹಾಲು, ಚಡ್ಡಿ, ಟಯರು, ಟಿವಿ ಎಲ್ಲ ಒಂದೇ ಸೂರಿನಡಿ ಸಿಗುವ ಆ ಅಂಗಡಿಯಲ್ಲಿ, ಹನ್ನೊಂದು ವರ್ಷದಿಂದ ಅವಳು ತೋಟಾ ಮಾರುವ ಕೌಂಟರಿನಲ್ಲಿದ್ದಳು. ಗಾಜಿನ ಬೀರುವಿನ ಬೀಗದಕೈ ಅವಳ ಸೊಂಟದಲ್ಲಿರುತ್ತಿತ್ತು. ಸೇರಿದ ದಿನವೇ ಮ್ಯಾನೇಜರ್ ಹೇಳಿದ್ದ: "ವಯಸ್ಸು ನೋಡು, ದುಡ್ಡು ತಗೋ, ಯಾಕೆ ಅಂತ ಕೇಳಬೇಡ." ಅವಳು ಕೇಳಿರಲಿಲ್ಲ. ಆ ಬೆಟ್ಟದ ಸೀಮೆಯಲ್ಲಿ ಹೆಂಗಸು ಅದನ್ನು ಕೇಳಿದರೆ ಗಂಡಸಿನ ಪ್ಯಾಂಟು ಬಿಚ್ಚಿದಷ್ಟೇ ಅವಮಾನ.

ಅಕ್ಟೋಬರಿನಲ್ಲಿ ಒಂದು ದಿನ ಅತ್ತೆ ಸೊಸೆ ಕೂತು ಚಳಿಗಾಲಕ್ಕೆ ಸೇಬಿನ ಗೊಜ್ಜು ಕಾಯಿಸಿ ಶೀಶೆಗೆ ತುಂಬುತ್ತಿದ್ದರು. ಹಿತ್ತಿಲಿನಿಂದ ಸೌದೆ ತರಲು ಹೋದ ಓಪಲಮ್ಮ ಒಳಗೆ ಬರುವ ಮೊದಲು ಹೊಸಿಲಾಚೆ ನಿಂತು ಗಟ್ಟಿಯಾಗಿ ಕೂಗಿದಳು. "ವರ್ಲಿನ್, ನಾನು! ಓಪಲ್! ಒಳಗೆ ಬರ್ತಿದೀನಿ!"

ಮುದುಕ ಮುಂದಿನ ಕೋಣೆಯಿಂದ "ಹ್ಞೂ" ಎಂದ ಮೇಲೆ ಒಳಗೆ ಕಾಲಿಟ್ಟಳು.

ಮಾರ್ಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಇದೇನತ್ತೆ, ನಿಮ್ಮ ಮನೇಗೆ ನೀವೇ ಕೂಗಿ ಬರೋದು?"

ಓಪಲಮ್ಮ ಸೌದೆ ಜೋಡಿಸುವ ನೆಪದಲ್ಲಿ ಬೆನ್ನು ಹಾಕಿದಳು. "ಎರಡು ಸಲ 'ಯಾರೇ ನೀನು' ಅಂದ. ಒಂದು ಸಲ ನಳಿಗೆ ನನ್ನ ಕಡೆ ತಿರುಗಿಸಿದ. ಖಾಲಿ ಇತ್ತು ಬಿಡು. ಧ್ವನಿ ಕೇಳಿದ್ರೆ ಅವನಿಗೆ ಗುರುತು ಸಿಗುತ್ತೆ. ಮುಖ ಮರೆತ್ರೂ ಧ್ವನಿ ಮರೆತಿಲ್ಲ, ಪಾಪ."

"ಅತ್ತೆ! ಇದನ್ನ ಗಂಡುಮಕ್ಕಳಿಗೆ ಹೇಳಿದೀರಾ?"

"ಹೇಳಿ? ಊರೆಲ್ಲ ಗೊತ್ತಾಗ್ಲಿ ಅಂತಲಾ?"

"ಇವತ್ತೇ ಒಯ್ದುಬಿಡ್ತೀನಿ. ನನ್ನ ಗಾಡೀಲಿ ಹಾಕ್ಕೊಂಡು ಹೋಗ್ತೀನಿ, ಅಷ್ಟೆ."

"ಮುಟ್ಟಿದ್ರೆ ನೋಡು!" ಓಪಲಮ್ಮ ತಿರುಗಿ ನಿಂತಳು. ಅಷ್ಟು ವರ್ಷದಲ್ಲಿ ಸೊಸೆಯ ಮೇಲೆ ಅವಳು ಅಷ್ಟು ಜೋರು ಮಾಡಿದ್ದೇ ಇಲ್ಲ. "ಗಣಿ ಹೋಯ್ತು, ಗಾಡಿ ಹೋಯ್ತು, ಹೆಸರುಗಳು ಹೋಗ್ತಾ ಇವೆ. ಬೆಳಿಗ್ಗೆ ಎದ್ದ ತಕ್ಷಣ ಬಾಗಿಲ ಹಿಂದೆ ಕೈಯಾಡಿಸಿ ಅದು ಇದೆಯಾ ಅಂತ ನೋಡ್ಕೋತಾನೆ. ಅದೂ ಇಲ್ಲಾಂದ್ರೆ ಅವನು ಯಾರು? ನನ್ನ ಗಂಡನ್ನ ಸಣ್ಣೋನು ಮಾಡಬೇಡ ಮಾರ್ಲಾ. ನನಗೆ ಕೂಗಿ ಬರೋದೇನು ಕಷ್ಟ ಅಲ್ಲ."

ನೋಡಿ, ನಮ್ಮ ಹೆಂಗಸರ ಹಣೆಬರಹ. ತನ್ನ ಅಡಿಗೆಮನೆಗೆ ತಾನೇ ಅಪ್ಪಣೆ ಕೇಳಿ ಬರುವುದನ್ನೂ ಸಂಸಾರ ಎಂದು ಕರೆದುಕೊಳ್ಳುತ್ತಾರೆ. ಮಾರ್ಲಾ ಅಂದು ರಾತ್ರಿ ಗಂಡನಿಗೆ ಎಲ್ಲ ಹೇಳಿದಳು. ಕೆಂಟ್ ಒಳ್ಳೆಯವನೇ, ಅಣ್ಣನ ಮುಂದೆ ಮಾತ್ರ ಬಾಯಿಲ್ಲದವನು. "ತೋಟಾ ಎಲ್ಲ ನಮ್ಮನೇಲೇ ಇವೆಯಲ್ಲ, ಖಾಲಿ ಕಬ್ಬಿಣ ಏನು ಮಾಡುತ್ತೆ?" ಎಂದು ಮಗ್ಗುಲಾದ.

ಜಿಂಕೆ ಬೇಟೆ ಶುರುವಾಗುವ ಹಿಂದಿನ ಶನಿವಾರ ಆ ಊರಿಗೆ ಹಬ್ಬ. ಬೆಳಿಗ್ಗೆ ಏಳಕ್ಕೇ ಕೌಂಟರಿನ ಮುಂದೆ ಕಿತ್ತಲೆ ಬಣ್ಣದ ಟೋಪಿಗಳ ಸಾಲು. ವರ್ಲಿನ್ ಐವತ್ತು ವರ್ಷದಿಂದ ಆ ದಿನ ತಪ್ಪದೆ ಒಂದು ಡಬ್ಬಿ ತೋಟಾ ಕೊಳ್ಳುತ್ತಿದ್ದ. ಆ ವರ್ಷವೂ ರಾಡ್ನಿ ಅವನನ್ನು ಕರೆತಂದ. ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ಮುದುಕ ಸೊಸೆಯನ್ನು ಗುರುತಿಸಲಿಲ್ಲ.

"ಹನ್ನೆರಡು ಗೇಜಿನ ತೋಟಾ ಒಂದು ಡಬ್ಬಿ ಕೊಡಮ್ಮ," ಎಂದ ಮರ್ಯಾದೆಯಿಂದ.

ಮಾರ್ಲಾಳ ಕೈ ಬೀಗದಕೈ ಮೇಲೆ ನಿಂತಿತು. "ಖಾಲಿಯಾಗಿದೆ," ಎಂದಳು.

ಮುದುಕ ಅವಳ ಹಿಂದಿನ ಬೀರು ನೋಡಿದ. ಹನ್ನೆರಡು ಗೇಜಿನ ಡಬ್ಬಿಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರು. ಮುಖದಲ್ಲಿ ಗೊಂದಲ ಹುಟ್ಟಿತು. ತನ್ನ ಕಣ್ಣೇ ತಪ್ಪೋ ಎಂದು ಹೆದರಿ, ಮಗನ ಕಡೆ ತಿರುಗಿದ. ಸಾಲಿನಲ್ಲಿ ಹಿಂದೆ ನಿಂತಿದ್ದ ಹಳೆಯ ಗೆಳೆಯ ಹಾರ್ಲನ್ ಸುಮ್ಮನಿರುವ ಆಸಾಮಿಯಲ್ಲ. ಇಬ್ಬರೂ ಒಂದೇ ಗಣಿಯಲ್ಲಿ ಬೆವರು ಸುರಿಸಿದವರು.

"ಏನೋ ವರ್ಲಿನ್, ಸೊಸೆ ಹತ್ರ ಚೀಟಿ ಬರೆಸ್ಕೊಂಡು ಬರಬೇಕಿತ್ತೇನೋ? ಮೂಗು ಒರೆಸೋಕೆ ಕರ್ಚೀಫು ಕೊಟ್ಟಿದಾಳಾ?"

ಸಾಲೆಲ್ಲ ಗೊಳ್ಳೆಂದಿತು. ವರ್ಲಿನ್‌ನ ಕಿವಿಗಳು ಕೆಂಪಾದವು. ಯಾಕೆ ನಗುತ್ತಿದ್ದಾರೆ ಎಂದು ಅವನಿಗೆ ತಿಳಿಯಲಿಲ್ಲ, ತನಗೇ ನಗುತ್ತಿದ್ದಾರೆ ಎಂದು ಮಾತ್ರ ತಿಳಿಯಿತು.

ರಾಡ್ನಿ ಕೌಂಟರಿಗೆ ಬಾಗಿ ಹಲ್ಲು ಕಚ್ಚಿಕೊಂಡು ಹೇಳಿದ. "ಕೊಡು ಮಾರ್ಲಾ, ಜನರ ಮುಂದೆ ಮಾನ ತೆಗೀಬೇಡ. ಕೊಂಡ್ಕೊಂಡ ಸಂತೋಷ ಅವನಿಗಿರಲಿ. ಗಾಡಿ ಹತ್ತಿದ ಮೇಲೆ ನಾನು ಇಸ್ಕೋತೀನಿ."

"ಆಣೆ ಮಾಡಿ."

"ದೇವರಾಣೆ. ಕೊಡು ಈಗ."

ಅವಳು ಬೀಗ ತೆಗೆದಳು. ಇಪ್ಪತ್ತೈದು ತೋಟಾಗಳ ಡಬ್ಬಿಯನ್ನು ಚೀಲಕ್ಕೆ ಹಾಕಿ ಮಾವನ ಕೈಗಿತ್ತಳು. ಮುದುಕ ಟೋಪಿ ಎತ್ತಿ ವಂದಿಸಿ, ಚೀಲ ಎದೆಗೆ ಒತ್ತಿಕೊಂಡು ಹೊರಟ.

ಆಮೇಲೆ ಮೂರು ದಿನ ಕೌಂಟರಿನಲ್ಲಿ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ರಾಡ್ನಿಯನ್ನು ಕೇಳಬೇಕು ಕೇಳಬೇಕು ಎಂದುಕೊಂಡೇ ಮಾರ್ಲಾ ಕೇಳಲಿಲ್ಲ. ಸೋಮವಾರದಿಂದ ಅವನು ಕಾಡಿನಲ್ಲಿದ್ದ, ಫೋನ್ ಸಿಗುತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದರೆ ಆ ಕಡೆಯಿಂದ ಬರೀ ಗಾಳಿ ಬಂತು.

"ನೆಗಡಿ," ಎಂದಿತು ಗಾಳಿ. "ಗಂಟಲು ಪೂರ್ತಿ ಕಟ್ಟಿದೆ. ಧ್ವನೀನೇ ಹೊರಡ್ತಿಲ್ಲ."

"ಸಾಯಂಕಾಲ ಬರ್ತೀನಿ ಅತ್ತೆ, ಸಾರು ಮಾಡ್ಕೊಂಡು ಬರ್ತೀನಿ. ನೀವು ಮಲಗಿ."

"ಬಟ್ಟೆ ಒಣಗಿದ್ರೆ ತೆಗೆದು ಮಲಗ್ತೀನಿ," ಎಂದಳು ಓಪಲಮ್ಮ.

ಮಧ್ಯಾಹ್ನ ಎರಡರ ಸುಮಾರಿಗೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹಿತ್ತಿಲ ಬಾಗಿಲನ್ನು ಮೊಣಕಾಲಿನಿಂದ ತಳ್ಳಿ ಅವಳು ಒಳಗೆ ಬಂದಳು. ಕೂಗಿದಳೋ ಇಲ್ಲವೋ ದೇವರಿಗೇ ಗೊತ್ತು. ಕೂಗಿದ್ದರೂ ಕೇಳುವಂತಿರಲಿಲ್ಲ.

ಪೊಲೀಸರಿಗೆ ಫೋನ್ ಮಾಡಿದವನು ವರ್ಲಿನ್ನೇ. ಸ್ಪಷ್ಟವಾಗಿ ವಿಳಾಸ ಹೇಳಿದನಂತೆ. "ಯಾರೋ ಹೆಂಗಸು ಮನೆಗೆ ನುಗ್ಗಿದ್ಲು. ಹೊಡೆದು ಹಾಕಿದೀನಿ. ಬೇಗ ಬನ್ನಿ, ನನ್ನ ಹೆಂಡತಿ ಎಲ್ಲೂ ಕಾಣ್ತಿಲ್ಲ," ಎಂದನಂತೆ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಅಂದೇ ಆ ಬಂದೂಕನ್ನು ಮನೆಯಿಂದ ಹೊರಗೆ ಸಾಗಿಸಿದರು. ಐದು ನಿಮಿಷದ ಕೆಲಸ. ವರ್ಲಿನ್‌ನನ್ನು ಮುದುಕರ ಆಶ್ರಮಕ್ಕೆ ಸೇರಿಸಿದರು. ಅಲ್ಲಿ ಅವನು, ಬಂದೂಕು ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಓಪಲ್ ಎಲ್ಲಿ ಎಂದೇ ಕೇಳುತ್ತಿದ್ದ. ತಂಗಿಯ ಮನೆಗೆ ಹೋಗಿದ್ದಾಳೆ ಎಂದು ಹೇಳುತ್ತಿದ್ದರು.

ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಪ್ರತಿಯೊಬ್ಬರ ಬಾಯಲ್ಲೂ ಒಂದೇ ಮಾತು: ಆಕಸ್ಮಿಕ. ಪಾದ್ರಿ ಹೇಳಿದ, ಪೊಲೀಸ್ ಅಧಿಕಾರಿ ಹೇಳಿದ, ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಹಾರ್ಲನ್ ಹೇಳಿದ. ಮಾರ್ಲಾ ರಾಡ್ನಿಯ ಎದುರು ಹೋಗಿ ನಿಂತಳು.

"ಇಸ್ಕೋತೀನಿ ಅಂದಿದ್ರಿ ಭಾವ."

ಅಷ್ಟು ದೊಡ್ಡ ಆಳು ಕಾಗದದ ತಟ್ಟೆ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟ. "ಚೀಲ ತೊಡೆ ಮೇಲೆ ಇಟ್ಕೊಂಡು ಎರಡೂ ಕೈಯಲ್ಲಿ ಹಿಡ್ಕೊಂಡಿದ್ದ ಮಾರ್ಲಾ. ದಾರಿಯುದ್ದಕ್ಕೂ ನಗ್ತಿದ್ದ. ಅಪ್ಪನ ತೊಡೆ ಮೇಲಿಂದ ಹೇಗೆ ಕಿತ್ಕೊಳ್ಳಲಿ?"

ಮಾರ್ಲಾ ಅವನ ಮೇಲೆ ಕೂಗಾಡಬೇಕೆಂದು ಬಂದಿದ್ದಳು. ಅವನು ಕಿತ್ತುಕೊಳ್ಳಲಿಲ್ಲ, ನಿಜ. ಕೊಟ್ಟವಳು ಯಾರು? ನಾಲ್ಕು ಜನ ನಕ್ಕರೆಂದು ಬೀಗ ತೆಗೆದವಳು ಯಾರು?

ಎರಡು ವಾರದ ಮೇಲೆ ಅವಳು ಮತ್ತೆ ಕೌಂಟರಿಗೆ ಹೋದಳು. ಸಂಬಳ ಬೇಕಿತ್ತು. ಶನಿವಾರದ ಸಾಲಿನಲ್ಲಿ ಹಾರ್ಲನ್ ಇದ್ದ, ಹಿಂದೆ ಅವನ ಮಗಳು ರೋಂಡಾ ಅಪ್ಪನ ಕೋಟು ಹಿಡಿದುಕೊಂಡು ನಿಂತಿದ್ದಳು.

"ಹನ್ನೆರಡು ಗೇಜು, ಒಂದು ಡಬ್ಬಿ," ಎಂದ ಹಾರ್ಲನ್. ಕಣ್ಣು ಮಿಟುಕಿಸಿ ಕೇಳಿದ: "ಮತ್ತೆ, ನಿಮ್ಮತ್ತೆ ಓಪಲ್ ಹೇಗಿದಾಳಮ್ಮ? ಅವಳ ಕೈಯ ಸೇಬಿನ ಗೊಜ್ಜು ತಿಂದು ಎಷ್ಟು ದಿನ ಆಯ್ತು! ಒಂದು ಶೀಶೆ ಕಳಿಸು ಅಂತ ಹೇಳು."

ಮಾರ್ಲಾ ರೋಂಡಾಳನ್ನು ನೋಡಿದಳು. ರೋಂಡಾ ತನ್ನ ಬೂಟುಗಳನ್ನು ನೋಡುತ್ತಿದ್ದಳು.

"ಕೊಡಲ್ಲ," ಎಂದಳು ಮಾರ್ಲಾ.

"ಏನಂದೆ?"

"ನಿಮಗೆ ತೋಟಾ ಮಾರಲ್ಲ ಹಾರ್ಲನ್. ಇವತ್ತೂ ಇಲ್ಲ, ನಾಳೇನೂ ಇಲ್ಲ."

"ಯಾರು ಅಂದ್ಕೊಂಡಿದೀಯೇ ನನ್ನನ್ನ? ನೀನು ಹುಟ್ಟೋಕೆ ಮುಂಚೆಯಿಂದ ಬೇಟೆ ಆಡಿದೋನು ನಾನು! ಹೆಣ್ಣೆಂಗಸು ನನಗೆ ಇಲ್ಲ ಅನ್ನೋದಾ?"

ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದ. ಇನ್ನೊಬ್ಬ "ಬೇಗ ಬೇಗ, ಜಿಂಕೆಗೆ ವಯಸ್ಸಾಗುತ್ತೆ" ಎಂದ. ಗಲಾಟೆ ಕೇಳಿ ಮ್ಯಾನೇಜರ್ ಓಡಿ ಬಂದ.

"ಏನು ತೊಂದರೆ ಮಾರ್ಲಾ? ವಯಸ್ಸು ಸರಿಯಿದೆ, ದುಡ್ಡು ಕೊಡ್ತಿದಾರೆ. ಇಲ್ಲ ಅನ್ನೋಕೆ ಕಾರಣ?"

"ಕಾರಣ ಬೇಕಾ?" ಸಾಲಿನ ಕೊನೆಯವನಿಗೂ ಕೇಳುವಂತೆ ಅವಳು ಹೇಳಿದಳು. "ಹೋದ ತಿಂಗಳು ಇದೇ ಬೀರುವಿನಿಂದ ನಮ್ಮ ಮಾವನಿಗೆ ಒಂದು ಡಬ್ಬಿ ಕೊಟ್ಟೆ. ಅವರಿಗೆ ಗುರುತು ತಪ್ಪುತ್ತೆ ಅಂತ ನನಗೆ ಗೊತ್ತಿತ್ತು. ನೀವೆಲ್ಲ ನಕ್ಕಿರಿ, ಕೊಟ್ಟುಬಿಟ್ಟೆ. ಇಪ್ಪತ್ತೈದರಲ್ಲಿ ಒಂದು ನಮ್ಮತ್ತೆಗೆ ಬಿತ್ತು. ಅದು ಆಕಸ್ಮಿಕ ಅಲ್ಲ ಸಾರ್, ಮರ್ಯಾದೆ. ಮರ್ಯಾದೆ ಮಾಡಿ ಕೊಂದ್ವಿ. ಬೇಕಾದ್ರೆ ನೀವೇ ಮಾರಿ, ತಗೊಳ್ಳಿ." ಸೊಂಟದ ಬೀಗದಕೈ ಬಿಚ್ಚಿ ಮ್ಯಾನೇಜರನ ಮುಂದೆ ಇಟ್ಟಳು.

ಮ್ಯಾನೇಜರ್ ಬೀಗದಕೈ ನೋಡಿದ, ಸಾಲು ನೋಡಿದ, ಕೈ ಚಾಚಲಿಲ್ಲ. ಅವಳ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಹಾರ್ಲನ್ ಮಾತ್ರ ಗಾಬರಿಯಿಂದ "ಓಪಲ್ ಸತ್ತಳಾ? ಯಾವಾಗ? ನನಗೆ ಯಾರೂ ಹೇಳಲೇ ಇಲ್ಲವಲ್ಲ," ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದ. ಯಾರೂ ನಗುತ್ತಿರಲಿಲ್ಲ.

ಮಾರ್ಲಾ ಕೌಂಟರಿನಿಂದ ಈಚೆ ಬಂದು ರೋಂಡಾಳ ತೋಳು ಹಿಡಿದಳು. "ಮನೇಲಿ ಬಂದೂಕು ಎಷ್ಟಿವೆ?"

"ನಾಲ್ಕು," ಎಂದಳು ರೋಂಡಾ.

"ಇವತ್ತೇ ತೆಗೆದು ಸಾಗಿಸು. ನಾನೂ ಬರ್ತೀನಿ, ನಡಿ."

"ಅಪ್ಪ ಬೈತಾನೆ ಮಾರ್ಲಾ. ಬಾಯಿಗೆ ಬಂದ ಹಾಗೆ ಬೈತಾನೆ."

"ಬೈಸ್ಕೋ," ಎಂದಳು ಮಾರ್ಲಾ. "ಬೈಸ್ಕೊಂಡೋರು ಬದುಕಿರ್ತಾರೆ."