ಉಜ್ಜಿನಪ್ಪ ಮಾಸ್ತರರ ನಿಷಾದ

ಸಿರುಗುಪ್ಪದ ಉಜ್ಜಿನಪ್ಪ ಮಾಸ್ತರರು ಹಾರ್ಮೋನಿಯಂ ಪೇಟಿಯ ಮುಂದೆ ಕೂತು ಷಡ್ಜ ಹಿಡಿದರೆ ಪಕ್ಕದ ಕರೂರಿನ ಗದ್ದೆಯ ಕೊಕ್ಕರೆಗಳು ಎತ್ತಿದ ಕಾಲು ಇಳಿಸುತ್ತಿರಲಿಲ್ಲ. ಸುಳ್ಳೆನ್ನುವವರು ಕೊಕ್ಕರೆಗಳನ್ನೇ ಕೇಳಲಿ. ಮಗ್ಗಿಯನ್ನೂ ಅವರು ರಾಗದಲ್ಲೇ ಕಲಿಸಿದ್ದರಿಂದ ಅವರ ಸಾಲೆಯ ಮಕ್ಕಳು ಸಂತೆಯಲ್ಲಿ ಬದನೆಕಾಯಿಯ ಬೆಲೆ ಕೇಳಿದರೂ ಕಛೇರಿ ನಡೆದಂತಿರುತ್ತಿತ್ತು.

ಆದರೆ ಅವರ ಜೀವವಿದ್ದದ್ದು ಕುರುಗೋಡಿನ ಹುಡುಗ ಜಂಬಣ್ಣನ ಗಂಟಲಲ್ಲಿ. ಆರು ವರ್ಷ, ಒಂದು ರವಿವಾರವೂ ತಪ್ಪದೆ, ಸೈಕಲ್ಲಿಗೆ ಪೇಟಿ ಕಟ್ಟಿಕೊಂಡು ಹೋಗಿ ಅವನಿಗೆ ಪಾಠ ಹೇಳಿದರು. ಅಷ್ಟು ತುಳಿದಿದ್ದರೆ ಕಾಶಿಗೆ ನಾಲ್ಕು ಸಲ ಹೋಗಿಬರಬಹುದಿತ್ತು, ಪುಣ್ಯವಾದರೂ ಸಿಗುತ್ತಿತ್ತು.

ನಲವತ್ತಮೂರನೆಯ ಇಸವಿಯ ಮಳೆಗಾಲದಲ್ಲಿ ಆ ದಾರಿಯ ಎರೆಮಣ್ಣಿನಲ್ಲಿ ಸೈಕಲ್ಲು ಜಾರಿತು. ಮಾಸ್ತರರು ಪೇಟಿಯನ್ನು ಅಪ್ಪಿಕೊಂಡೇ ಬಿದ್ದರು. ಮೊಣಕಾಲು ಒಡೆಯಿತು, ಪೇಟಿಯೊಳಗೆ ನೀರು ಹೋಯಿತು, ಕೋಮಲ ನಿಷಾದದ ಸ್ವರ ಒಂದು ಕೂದಲೆಳೆ ಕೆಳಗಿಳಿಯಿತು. ಬಳ್ಳಾರಿಗೆ ಒಯ್ದು ರಿಪೇರಿ ಮಾಡಿಸಿದರೆ ಪಾಠ ನಿಲ್ಲುತ್ತದೆ; ಮುಂದಿನ ತಿಂಗಳು ನೋಡೋಣ ಎಂದರು. ಆ ಮುಂದಿನ ತಿಂಗಳು ಒಂಬತ್ತು ವರ್ಷವಾದರೂ ಬರಲಿಲ್ಲ. ಕಿವಿ ಹೊಂದಿಕೊಂಡಿತು. ಸಾಲೆಯ ಪ್ರಾರ್ಥನೆ ಕೂಡ ಅದೇ ನಿಷಾದದಲ್ಲಿ ಕುಂಟಿಕೊಂಡು ದೇವರ ಹತ್ತಿರ ಹೋಗುತ್ತಿತ್ತು.

ಜಂಬಣ್ಣ ಪುಣೆಗೆ ಹೋಗಿ ಮೂರು ವರ್ಷ ಕಲಿತು ಬಂದ. ಬಳ್ಳಾರಿಯಲ್ಲಿ ಅವನ ಮೊದಲ ಕಛೇರಿ ಎಂದು ಗೊತ್ತಾದದ್ದೇ ತಡ, ಮಾಸ್ತರರಿಗೆ ನೆಲ ಸಿಗಲಿಲ್ಲ. ಗುರುವಿನ ಹೆಸರು ಹೇಳುವಾಗ ಗೌರವಕ್ಕೆ ಕಿವಿ ಮುಟ್ಟಿಕೊಳ್ಳಬೇಕೆಂದು ಅವನಿಗೆ ಕಲಿಸಿದವರೇ ಅವರು.

“ನೋಡ್ತಿರು, ನನ್ನ ಹೆಸರು ಹೇಳಿ ಕಿವಿ ಮುಟ್ಟಿಕೊಂಡನಂದ್ರ ಸಾಕು, ನನಗ ಬ್ಯಾರೆ ಏನೂ ಬ್ಯಾಡ” ಎಂದರು ಹೆಂಡತಿ ಕೊಟ್ರಬಸಮ್ಮನಿಗೆ.

“ಮುಟ್ಟಲಿಲ್ಲಂದ್ರ?”

“ಹುಚ್ಚಿ! ಕೈ ತಾನ ಹೋಗತೈತಿ.”

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬೆಳಗಿನ ಕಛೇರಿ. ಜನ ಎಷ್ಟೆಂದರೆ ಕೋಟೆಯ ಗುಡ್ಡವೇ ಒಂದು ಮೊಳ ಹಿಂದೆ ಸರಿದು ಜಾಗ ಬಿಟ್ಟಿತ್ತು. ಮಾಸ್ತರರು ಮೂರನೆಯ ಸಾಲಿನಲ್ಲಿ ಕೂತರು. ಸಭೆಯ ಹಿರಿಯ ಮೈಲಾರಲಿಂಗಪ್ಪ ಕೇಳಿದರು: “ಯಾರ ಹತ್ರ ಕಲತೀಯಪ್ಪಾ?”

ಜಂಬಣ್ಣನ ಕೈ ಕಿವಿಗೆ ಹೋಯಿತು. ಮಾಸ್ತರರು ಮುಂದಕ್ಕೆ ಬಾಗಿದರು.

“ಪುಣೆದಾಗ, ನಮ್ಮ ಪಂಡಿತರ ಹತ್ರರಿ.”

“ಅದಕ್ಕೂ ಮೊದಲು?”

“ಯಾರೂ ಇಲ್ರಿ. ಕೇಳಿ ಕಲತದ್ದು.”

ಮುದುಕರಾಗುತ್ತಿದ್ದೇವೆ, ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡರು ಮಾಸ್ತರರು. ಅಷ್ಟರಲ್ಲಿ ಹಾಡು ಶುರುವಾಯಿತು. ತಾನಗಳು ಪಾರಿವಾಳದಂತೆ ಹಾರಿದವು. ನಿಷಾದ ಮಾತ್ರ ಪ್ರತಿ ಸಲವೂ ಒಂದು ಕೂದಲೆಳೆ ಕೆಳಗೆ ಇಳಿಯಿತು. ಬಾಯಿ ಮರೆತದ್ದನ್ನು ಗಂಟಲು ಮರೆತಿರಲಿಲ್ಲ.

“ಎಲ್ಲಾ ಚಲೋ ಐತಿ,” ಮೈಲಾರಲಿಂಗಪ್ಪ ಹಾಡು ಮುಗಿದ ಮೇಲೆ ಅಂದರು. “ನಿಷಾದ ಯಾಕ ಕುಂಟತೈತಿ?”

ಜಂಬಣ್ಣ ನಕ್ಕ. “ಅದಾರಿ? ಸಿರುಗುಪ್ಪದಾಗ ಉಜ್ಜಿನಪ್ಪ ಅಂತ ಒಬ್ಬ ಸಾಲಿ ಮಾಸ್ತರ ಅದಾನ. ಅವನ ಕೆಟ್ಟ ಪೇಟಿ ಹತ್ತಿಸಿದ ರೋಗರಿ!”

ಸಭೆ ಹೊಟ್ಟೆ ಹಿಡಿದು ನಕ್ಕಿತು. ಜಂಬಣ್ಣನ ಎರಡು ಕೈಗಳೂ ತೊಡೆಯ ಮೇಲಿದ್ದವು.

ಸಂಜೆಗೆ ಮೊದಲೇ ಮಾಸ್ತರರು ಮನೆಗೆ ಬಂದರು. ಕೊಟ್ರಬಸಮ್ಮ ಓಣಿಯವರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಳು.

“ಹೆಸರು ಹೇಳಿದನೇನ್ರಿ?”

“ಹೇಳಿದ. ಊರಿಗೆಲ್ಲ ಕೇಳೋ ಹಂಗ ಹೇಳಿದ.”

“ಕಿವಿ?”

ಮಾಸ್ತರರು ಚಪ್ಪಲಿ ಬಿಟ್ಟು ಒಳಗೆ ಹೋದರು.

ಮರುದಿನ ಸಾಲೆಯ ಪ್ರಾರ್ಥನೆಯಲ್ಲಿ ಎಂಬತ್ತು ಮಕ್ಕಳು ನಿಷಾದಕ್ಕೆ ಬಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮಾಸ್ತರರಿಗೆ ಅದರ ಕುಂಟು ಕೇಳಿಸಿತು. ಮುಂದಿನ ಸಾಲಿಗೆ ಬೆರಳು ನಿಷಾದದ ಮೇಲೆ ಹೋಗಿ ನಿಂತಿತು, ಒತ್ತಲಿಲ್ಲ. ಪೇಟಿ ಸುಮ್ಮನಾದರೂ ಮಕ್ಕಳು ಮಾತ್ರ, ಒಬ್ಬರೂ ತಪ್ಪದೆ, ಅವರು ಕಲಿಸಿದಷ್ಟೇ ಕೆಳಗೆ ಇಳಿದರು.