ಹುಣಸೆಬೀಜದ ಅಂಟು

ಯಲಬುರ್ಗಾದಲ್ಲಿ ಬಸ್ಸಿನಿಂದ ಇಳಿದ ಹೊಳಿಯಪ್ಪನಿಗೆ ಶಾಲೆಯ ಕಡೆ ಕಾಲೇ ಏಳಲಿಲ್ಲ. ಐದು ವರ್ಷ ನುಂಗಿಕೊಂಡಿದ್ದ ಮಾತನ್ನು ಇವತ್ತು ಅಲ್ಲಿ ಕಲಿಸುತ್ತಿದ್ದ ಹುಚ್ಚೀರಪ್ಪ ಮಾಸ್ತರರ ಮುಂದೆ ಆಡಿಬಿಡಬೇಕಿತ್ತು.

ಮೂವತ್ತಾರನೆಯ ಇಸವಿಯಲ್ಲಿ ಇಬ್ಬರೂ ಹೈದರಾಬಾದಿನ ಒಂದು ಕಾಲೇಜಿನಲ್ಲಿದ್ದರು. ಹುಚ್ಚೀರಪ್ಪ ಸಂಶೋಧನೆಗೆ ಬಂದವರು, ಹೊಳಿಯಪ್ಪ ಪ್ರಯೋಗಶಾಲೆಯ ಜವಾನ. ಒಂದೇ ಸೀಮೆಯವರೆಂದು ರೊಟ್ಟಿ ಹಂಚಿಕೊಂಡು ತಿಂದವರು. ಗಾಜಿನ ಕೊಳವೆಯ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಒಳಗೆ ಒಂದಿಷ್ಟೇ ಸಾರಜನಕ ಬಿಟ್ಟು ಎಲೆಕ್ಟ್ರಾನುಗಳನ್ನು ಹಾಯಿಸುವುದು, ಅನಿಲದ ಅಣುಗಳಿಗೆ ತಾಗಿ ಅವು ಯಾವ ದಿಕ್ಕಿಗೆ ಎಷ್ಟು ಚದುರಿದವೆಂದು ಅಳೆಯುವುದು ಹುಚ್ಚೀರಪ್ಪನವರ ಕೆಲಸ.

ಒಂದು ಮಧ್ಯಾಹ್ನ ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅರಗು ಹಾಕಿ ಮುಚ್ಚು ಎಂದು ಹೇಳಿ ಅವರು ಊಟಕ್ಕೆ ಹೋದರು. ಅರಗಿನ ಡಬ್ಬಿ ತಳ ಕಂಡಿತ್ತು, ತರಿಸಿಡಲು ಮರೆತವನು ಹೊಳಿಯಪ್ಪನೇ. ಬೈಗುಳಕ್ಕೆ ಹೆದರಿದ ಈ ಪುಣ್ಯಾತ್ಮ, ಊರಲ್ಲಿ ಅವ್ವ ಮೊರದ ಸಂದಿಗೆ ಮೆತ್ತುತ್ತಿದ್ದ ಹುಣಸೆಬೀಜದ ಅಂಟನ್ನು ಕುದಿಸಿ ಬಿರುಕಿಗೆ ತುಂಬಿದ. ಯಾರಿಗೂ ಕಾಣದಂತೆ ಅದರ ಮೇಲೆ ಡಬ್ಬಿಯಲ್ಲಿ ಉಳಿದಿದ್ದ ಚೂರು ಅರಗನ್ನು ಸವರಿದ. ನೀರಿನ ಆವಿಯೂ ಎಲೆಕ್ಟ್ರಾನುಗಳನ್ನು ಚದುರಿಸುತ್ತದೆಂದು ಅಲ್ಲಿ ಕಸ ಹೊಡೆಯುವವನಿಗೂ ಗೊತ್ತಿತ್ತು. ಅಂಟು ಒಣಗಿದರೆ ಮುಗಿಯಿತೆಂದು ಇವನು ತನಗೆ ತಾನೇ ಹೇಳಿಕೊಂಡ. ಅಂಟು ಒಣಗಲಿಲ್ಲ, ತೇವ ಆವಿಯಾಗಿ ಕೊಳವೆಯ ಒಳಗೇ ಇಳಿಯುತ್ತ ಹೋಯಿತು.

ಹುಚ್ಚೀರಪ್ಪನವರ ಅಂಕಿಗಳು ಬೇರೆ ಯಾರ ಅಳತೆಗೂ ಹೊಂದಲಿಲ್ಲ. ಹೊಸ ಕೊಳವೆ ಕಟ್ಟಿ ಅಳೆದರೆ ಆ ಅಂಕಿಗಳೇ ಮಾಯ. ಕೂತಲ್ಲೇ ಬರೆದ ಸುಳ್ಳು ಅಂಕಿ ಎಂದು ಕಾಲೇಜಿನ ಹಿರಿಯರು ಅವರನ್ನು ಮನೆಗೆ ಕಳಿಸಿದರು. ಹೊಳಿಯಪ್ಪ ಸ್ಟೇಶನ್ನಿನವರೆಗೆ ಅವರ ಟ್ರಂಕು ಹೊತ್ತ, ಬಾಯಿ ಮಾತ್ರ ಬಿಡಲಿಲ್ಲ. ಆ ಹೇಡಿತನಕ್ಕೆ ಅವನಿಗೆ ಇವತ್ತಿಗೂ ತನ್ನ ಮೇಲೆ ಅಸಹ್ಯವಿತ್ತು.

ಶಾಲೆಯ ಬೇವಿನ ಮರದ ಕೆಳಗೆ ಎಲ್ಲವನ್ನೂ ಹೇಳಿ, ಹೊಡೆಯುತ್ತಾರೆಂದು ತಲೆ ತಗ್ಗಿಸಿ ನಿಂತ. ಮಾಸ್ತರರು ಹೊಡೆಯಲಿಲ್ಲ. ಒಳಗಿನಿಂದ ಹಳೆಯ ನೋಟ್‌ಬುಕ್ಕು ತಂದು ಅಂಕಿಗಳ ಮೇಲೆ ಬೆರಳಾಡಿಸಿದರು.

“ಹಂಗಾರ ನಾ ಅಳದದ್ದು ಸಾರಜನಕ ಅಲ್ಲ, ನೀರಿನ ಆವಿ. ಅಳತಿ ತಪ್ಪಿರಲಿಲ್ಲ, ಹೊಳಿಯಪ್ಪ. ನನ್ನ ಕಣ್ಣ ನನಗ ಸುಳ್ಳು ಹೇಳ್ಯಾವ ಅಂತ ನಾನೂ ನಂಬಿಬಿಟ್ಟಿದ್ದೆ.”

ಅವರ ಮುಖ ಅರಳಿತ್ತು. ಹೊಡೆತಕ್ಕೆ ಸಿದ್ಧನಾಗಿ ಬಂದಿದ್ದ ಹೊಳಿಯಪ್ಪನಿಗೆ ಆ ಸಂತೋಷವನ್ನು ನೋಡಲಾಗಲಿಲ್ಲ.

“ಇಷ್ಟ ಮಾತು ಅವತ್ತ ಸ್ಟೇಶನ್ನಿನಾಗ ಹೇಳಿದ್ರ ಸಾಕಿತ್ತಲ್ಲೋ,” ಎಂದರು ಮಾಸ್ತರರು, ಬೈಯದೆ.