ಥಂಡಿ ಕೆಳಗಿಂದ ಬರತೈತಿ

ಹಗ್ಗ ಕಿರ್ ಅಂದಿತು, ಮತ್ತಿ ಗಿಡದ ತೊಗಟೆ ಪುಡಿಯಾಗಿ ನನ್ನ ತಲೆಯ ಮೇಲೆ ಉದುರಿತು, ಉದುರಲಿ, ಹೊಸ ಹಗ್ಗ, ಜಗ್ಗಿ ಕಟ್ಟಿದಾಗ ಒಮ್ಮೆ ಕೂಗುತ್ತದೆ, ಆಮೇಲೆ ತಾನೇ ಸುಮ್ಮನಾಗುತ್ತದೆ, ಹೊಸ ಸೊಸೆಯ ಹಾಗೆ — ಲಗೂನ ಕಟ್ಟಬೇ ಶಾರದಿ, ಹಲ್ಲ ಉದರಿ ಬೀಳಾಕತ್ತಾವು — ಉದುರಲಿ ಅವೂ, ನನ್ನದೊಂದು ಎಂದೋ ಉದುರಿದೆ. ಕಣದ ಅಂಚಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ನಡುಗುತ್ತಿದ್ದಾನೆ ನನ್ನ ಗಂಡ, ನಡು ಮಧ್ಯಾಹ್ನ, ಹೊತ್ತು ನೆತ್ತಿಯ ಮೇಲಿದೆ, ಭತ್ತದ ಹುಲ್ಲಿನ ಬಣವೆ ಮುಟ್ಟಿದರೆ ಬೆಚ್ಚಗಿದೆ, ಇವನೊಬ್ಬನಿಗೇ ಚಳಿ, ದಿನ ಬಿಟ್ಟು ದಿನ ಬರುವ ಚಳಿಜ್ವರ, ಸರಕಾರದ ಮಲೇರಿಯಾದವನು ಬಂದು ನಮ್ಮ ಗೋಡೆಯ ಮೇಲೆ ಏನೋ ಗೀಚಿ ಬಿಳಿ ಗುಳಿಗೆ ಕೊಟ್ಟು ಹೋಗಿದ್ದ, ಕಹಿ ಅಂತ ಇವನು ಅವನ್ನು ಬೇಲಿಗೆ ಒಗೆದ, ನಮ್ಮ ಕೋಳಿ ತಿಂದಿತು, ಕೋಳಿ ಅಗದಿ ಆರಾಮ ಇದೆ. ಬೆಳಿಗ್ಗೆ ಚಲೋ ಇದ್ದ, ಭತ್ತ ತೂರಲು ಬಂದೆವು, ರಾಶಿಗೆ ಕೈ ಹಚ್ಚುವಷ್ಟರಲ್ಲಿ ಉಗುರು ನೀಲಿಯಾದವು, ಊರು ಹರದಾರಿ ದೂರ, ನಡುಗುವ ಮೈಗೆ ಚಕ್ಕಡಿಯ ಕುಲುಕಾಟ ಆಗದು, ಅಕಾಲ ಮಳೆಯಿಂದ ನೆಲ ಇನ್ನೂ ಹಸಿ, ಮೇಲೆ ಕೆಂಪಿರುವೆ, ಅದಕ್ಕೇ ಜೋಲಿ ಕಟ್ಟಬೇ ಅಂದ, ಮತ್ತಿ ಗಿಡಕ್ಕೊಂದು ತುದಿ, ಮಾವಿನ ಗಿಡಕ್ಕೊಂದು ತುದಿ, ನಡುವೆ ಗೋಣಿತಟ್ಟು. ಜೋಲಿ ಕಟ್ಟುವುದರಲ್ಲಿ ಕಲಘಟಗಿ ತಾಲೂಕಿನಲ್ಲೇ ನನ್ನನ್ನು ಮೀರಿಸುವವರಿಲ್ಲ.

ಕಲಿಸಿದವನು ಇವನೇ, ಮದುವೆಗೆ ಮೊದಲು ಅಳ್ನಾವರದಲ್ಲಿ ಕಟ್ಟಿಗೆ ಲಾರಿಗೆ ದಿಮ್ಮಿ ಹೇರುತ್ತಿದ್ದ, ಅಡವಿಯಲ್ಲಿ ಆಳುಗಳೆಲ್ಲ ಗಿಡಕ್ಕೆ ಗೋಣಿ ಕಟ್ಟಿ ಮಲಗುತ್ತಿದ್ದರಂತೆ, ಆ ವಿದ್ಯೆಯನ್ನು ನನಗೆ ಧಾರೆ ಎರೆದ, ಕೈಯಿಂದ. ಬಿಗಿಯಾಗಿ ಕಟ್ಟಬಾರದು ಅನ್ನುವುದು ಮೊದಲ ಪಾಠ, ಮೊದಲ ಸಲ ನಾನು ಹಲಗೆಯ ಹಾಗೆ ಎಳೆದು ಕಟ್ಟಿದ್ದೆ, ಬಿಗಿ ಇದ್ದರೆ ಚಂದ ಅಂದುಕೊಂಡಿದ್ದೆ, ಮಗ್ಗುಲು ಬದಲಿಸಿದವನು ಮಗುಚಿ ಮುಖ ಅಡಿಯಾಗಿ ಬಿದ್ದ, ಎದ್ದವನು ಮುಖದ ಮಣ್ಣು ಕೂಡ ಒರೆಸಿಕೊಳ್ಳಲಿಲ್ಲ, ನನ್ನ ಮುಂದಿನ ಹಲ್ಲು ಬಾಯಿಯಲ್ಲಿ ಹರಳಿನ ಹಾಗೆ ಹೊರಳಿತು, ಉಗುಳಿದೆ, ಉಗುಳುತ್ತಲೇ ಹಗ್ಗ ಸಡಿಲು ಮಾಡಿದೆ. ನೆಟ್ಟಗೆ ಮಲಗಬಾರದು, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬೇಕು, ಆಗ ಬೆನ್ನು ಬಾಗುವುದಿಲ್ಲ, ಇದು ಎರಡನೆಯ ಪಾಠ, ಇದನ್ನು ಪಕ್ಕೆಲುಬು ನೆನಪಿಟ್ಟುಕೊಂಡಿದೆ, ಮೋಡ ಮುಸುಕಿದ ದಿನ ಈಗಲೂ ಒಪ್ಪಿಸುತ್ತದೆ. ಗಂಟು ಎಷ್ಟು ಜಗ್ಗಿದರೂ ಜಾರಬಾರದು, ಬಿಚ್ಚಲು ಹೋದರೆ ಒಂದೇ ಎಳೆತಕ್ಕೆ ಬಿಚ್ಚಬೇಕು, ಇದಕ್ಕೆ ಮಣಿಕಟ್ಟು ಕೊಟ್ಟೆ. ಒಂದನ್ನು ಮಾತ್ರ ಹೊಡೆಯದೆ ಕಲಿಸಿದ, ನಮ್ಮ ಮದುವೆಯಾದ ವರ್ಷದ ಚಳಿಗಾಲ, ನನ್ನ ಕೈ ಹಿಡಿದು ಜೋಲಿಯ ಅಡಿಗೆ ಒಯ್ದು, ನೋಡು, ಇಲ್ಲಿ ಗಾಳಿ ಹೊಕ್ಕೈತಿ, ಮ್ಯಾಲೆ ಎಷ್ಟ ಹೊಚ್ಚಿದರೂ ಅಷ್ಟ, ಥಂಡಿ ಕೆಳಗಿಂದ ಬರತೈತಿ, ಮೈಯಡಿ ಒತ್ತಿದ ಹಾಸಗಿ ಬೆಚ್ಚಗಿರೂದುಲ್ಲ, ಅಡೀಲಿ ಇನ್ನೊಂದು ಗೋಣಿ ಜೋತ ಬಿಡು, ನಡುವ ಸಡಲ ಹುಲ್ಲ ತುಂಬು — ಅಂದು ಆ ಕೈ ಬೆಚ್ಚಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಹುಲ್ಲು ತುಂಬುತ್ತಿದ್ದೇನೆ, ಒತ್ತದೆ, ಉಬ್ಬುವ ಹಾಗೆ, ಅಂಚಿಗೂ ಸುತ್ತ ತುರುಕಿ, ಗಾಳಿಗೆ ಒಂದು ಸಂದೂ ಬಿಡದೆ.

ಬೆಳಿಗ್ಗೆ ಏನಂದ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಏನಂದ — ಈ ಜ್ವರಾ ಒಂದ ಇಳೀಲಿ, ಆಕಿ ಇನ್ನೊಂದ ಕಿವೀನೂ ಹರೀತೀನಿ. ಆಕಿ ಅಂದರೆ ನನ್ನ ನೀಲಕ್ಕ, ನನ್ನ ಮಗಳು, ಇನ್ನೂ ಲಂಗ ಎತ್ತಿ ಕುಂಟಾಟ ಆಡುವ ವಯಸ್ಸು, ಜಂತಿಯಲ್ಲಿ ಇವನು ಸಿಕ್ಕಿಸಿಟ್ಟ ಸಾರಾಯಿ ಬಾಟಲಿ ತೆಗೆದು ಬಚ್ಚಲಿಗೆ ಸುರಿದಳು, ಅವ್ವಾ ಇವತ್ತ ನಿನಗ ಬಡಿಯೂದುಲ್ಲ ನೋಡ ಅಪ್ಪಾ, ಅಂತ ನಕ್ಕಳು, ಖರೆ ಮಾತು, ಅಂದು ನನಗೆ ಬಡಿಯಲಿಲ್ಲ. ಒಂದೇ ಏಟು, ಅಂಗೈ ಅಗಲಿಸಿ ಎಡಗಿವಿಗೆ, ಹುಡುಗಿ ಗೋಡೆಗೆ ಬಡಿದು ಕುಂತಳು, ಕಿವಿಯಿಂದ ದಾರದಂಥ ರಕ್ತ ಕುತ್ತಿಗೆಗೆ ಇಳಿಯಿತು, ಅಳಲೂ ಇಲ್ಲ, ಈಗ ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ, ನೀಲಾ, ನೀಲಾ, ಬಲಗಡೆಗೆ ಹೋಗಿ ಕರೆದರೆ ಏನಬೇ ಅನ್ನುತ್ತಾಳೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಗಾದೆ ಕಟ್ಟಿದವರು ಯಾರೋ, ನಮ್ಮ ಮನೆಯಲ್ಲಿ ಕೂಸು ಬಡವಾಗಲಿಲ್ಲ, ಕಿವುಡಾಯಿತು. ಬಾಜು ಮನೆಯ ಅಮೀರಬಿ ಬಳ್ಳೊಳ್ಳಿ ಕಾಸಿದ ಎಣ್ಣೆ ತಂದು ಹನಿ ಬಿಡುತ್ತ ಬೈದಳು, ನನ್ನನ್ನೇ, ಏ ಶಾರದವ್ವಾ, ನಮ್ಮಾಂವಗ ಒಂದ ಸಲ ತುಂಬಿದ ಕೊಡಪಾನ ಎತ್ತಿ ಒಗದೇನಿ, ಅವತ್ತಿಂದ ದರ್ಗಾಕ್ಕ ಹೋಗೂದ ಕಲತಾನ, ನೀ ಎಮ್ಮಿ ಹಂಗ ನಿಂದರತಿ ನೋಡು, ಅದಕ್ಕ ಬಡೀತಾನ. ನೀಲಕ್ಕ ಈಗ ಅಮೀರಬಿಯ ಮನೆಯಲ್ಲಿದ್ದಾಳೆ, ಕಣಕ್ಕ ಕರಕೊಂಡ ಬಾ ಅಂದಿದ್ದ, ನಾನು ಕರೆತರಲಿಲ್ಲ. ನಾನು ತಾಳಿಕೊಂಡೆ, ತಾಳಿದವನು ಬಾಳಿಯಾನು, ತಾಳಿದೆ, ಬಾಳಲಿಲ್ಲ, ಹೋಗಲಿ, ನನ್ನ ಮೈ ನನ್ನದು, ಆ ಕಿವಿ ಯಾರದು? ಈ ಚಳಿ ಇನ್ನೊಂದು ಗಳಿಗೆ, ಆಮೇಲೆ ಉರಿ, ಆಮೇಲೆ ಬೆವರು, ಸಂಜೆಗೆ ಎದ್ದು ನಡೆಯುತ್ತಾನೆ, ಕೈ ಬೀಸಿಕೊಂಡು ಮನೆಗೆ ನಡೆಯುತ್ತಾನೆ.

ಬಾ ಏಳು, ಅಂದೆ, ಕಂಕುಳಿಗೆ ಕೈ ಹಾಕಿ ಎತ್ತಿ ಓರೆಯಾಗಿ ಮಲಗಿಸಿದೆ, ಜೋಲಿ ತೂಗಿತು, ಹಗ್ಗ ತಾಳಿತು, ಕಣ ಕಾಯುವ ಗುಡಿಸಲಿನಿಂದ ಕೌದಿ ತಂದು ಸುತ್ತಿದೆ, ನನ್ನ ಅವ್ವನ ಹಳೆಯ ಸೀರೆಗಳಿಂದ ನಾನೇ ಹೊಲಿದ ಕೌದಿ, ಹೊಲಿದು ಮುಗಿಸುವ ದಿನ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರು ಇಟ್ಟು ಮುಚ್ಚಿದ್ದೆ, ಕೌದಿಯ ಹೊಟ್ಟೆ ಹಸಿದಿರಬಾರದು ಅಂತ ನಮ್ಮಲ್ಲಿ ಇಡುತ್ತಾರೆ, ಬಟ್ಟೆಯ ಹೊಟ್ಟೆಗೂ ಉಣ್ಣಿಸಿದವಳು ನಾನು, ನನ್ನ ಹೊಟ್ಟೆಗೆ ಒದ್ದವನು ಇವನು, ಐದು ತಿಂಗಳಾಗಿತ್ತು ಆಗ, ಗಂಡು ಇತ್ತಂತೆ, ಸೂಲಗಿತ್ತಿ ಹೇಳಿದಳು, ಯಾಕೆ ಹೇಳಿದಳೋ. ಕೌದಿಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಇನ್ನೊಂದು ಗೋಣಿ — ಗಾಳಿ ಬರಾಕತ್ತೈತಿ, ಕೈ ಒಳಗ ತುರುಕು, ಬಿಗೀಲೆ ಕಟ್ಟಬೇ, ಇನ್ನೂ ಬಿಗೀಲೆ — ಇವನ ಬಾಯಿಂದಲೇ ಬಂತು, ನಾನು ಕೇಳಲಿಲ್ಲ. ಎರಡೂ ಕೈ ಮಗ್ಗುಲಿಗೆ ಒತ್ತಿ ಒಳಗೆ ತುರುಕಿದೆ, ಚಕ್ಕಡಿಯ ಹಗ್ಗ ತಂದು ಜೋಲಿ ಸಮೇತ ಸುತ್ತಿದೆ, ಭುಜಕ್ಕೆ, ಮೊಣಕೈಗೆ, ತೊಡೆಗೆ, ಒಂದೊಂದಕ್ಕೂ ಹಿಂದೆ ಗಂಟು, ಜಾರದ ಗಂಟು, ಮುಖ ಒಂದು ಹೊರಗೆ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ, ಏನೋ ವಿಚಿತ್ರ ಅನ್ನಿಸಿತು, ಏನು, ಏನು — ಕೈ ಇಲ್ಲ. ಮದುವೆಯಾದಾಗಿನಿಂದ ನಾನು ಇವನ ಮುಖ ನೋಡಿಲ್ಲ, ಕೈ ನೋಡಿ ಬದುಕಿದ್ದೇನೆ, ಕೈ ಎಲ್ಲಿದೆ, ಎತ್ತ ಹೊರಟಿದೆ, ಮುಚ್ಚಿದೆಯೋ ಬಿಚ್ಚಿದೆಯೋ, ಈಗ ಕೈಯಿಲ್ಲದ ಗಂಡ ನನ್ನೆದುರು ತೂಗುತ್ತಿದ್ದಾನೆ, ಯಪ್ಪಾ, ನನ್ನ ಕಾಲು ತಾವೇ ನಡೆದವು, ಗುಡಿಸಲ ಹಿಂದೆ ಹೆಂಟೆ ಒಡೆಯುವ ಕೊಡತಿ ಇತ್ತು, ಜಾಲಿಯ ಕಟ್ಟಿಗೆ, ಉದ್ದ ಹಿಡಿಕೆ, ತಂದೆ, ಎತ್ತಿದೆ, ಬಡಿದೆ. ತೊಡೆಯ ಮೇಲೆ ಬಡಿದೆ, ಸೊಂಟದ ಮೇಲೆ ಬಡಿದೆ, ಇದು ಹಲ್ಲಿಗೆ, ಇದು ಪಕ್ಕೆಲುಬಿಗೆ, ಇದು ಆ ಗಂಡಿಗೆ, ಇದು, ಇದು, ಜೋಲಿ ಹೋಗಿ ಬಂತು, ಧಪ್ ಧಪ್ ಅನ್ನುತ್ತಿದೆ, ಹುಲ್ಲಿನ ದೂಳು ಎದ್ದಿತು, ಉಸಿರು ಕಟ್ಟಿ ನಿಂತೆ, ಆಗ ಒಳಗಿನಿಂದ ಇವನು ಕಣ್ಣು ಮುಚ್ಚಿಕೊಂಡೇ — ಹಾಂ, ಹಂಗ ಗುದ್ದು, ಅಲ್ಲೆ, ಮೈ ಹಗೂರಾಗತೈತಿ, ಜೀವಕ್ಕ ಆರಾಮ ಅನಸತೈತಿ.

ನಕ್ಕೆ, ನಗು ಬಂತು, ಅಳುವಿಗಿಂತ ಕೆಟ್ಟ ನಗು, ಗೋಣಿ, ಕಂಬಳಿ, ಕೌದಿ, ಅಡಿಗೆ ಒತ್ತದೆ ತುಂಬಿದ ಹುಲ್ಲು, ನನ್ನ ಜಾಣತನವೇ ಇವನನ್ನು ಕಾಯುತ್ತಿದೆ, ಏಟು ಕೂಡ ಬೆಚ್ಚಗಾಗಿ ತಲುಪುತ್ತಿದೆ ಈ ಹಾಟ್ಯಾನಿಗೆ. ಮುಖ ಇದೆ, ಮುಖಕ್ಕೆ ಹೊದಿಕೆ ಇಲ್ಲ, ಹಣೆ ಇದೆ, ಒಂದೇ ಏಟು, ಹೆಂಟೆ ಒಡೆದ ಹಾಗೆ, ಕೊಡತಿ ಮೇಲೇರಿತು, ಹಣೆಯ ಮೇಲೆ ಒಂದು ನೊಣ ಕೂತಿತ್ತು, ಕಾಲಿಗೆ ಕಾಲು ಉಜ್ಜುತ್ತಿತ್ತು, ಒಡೆದರೆ ಇವನು ಮಣ್ಣಿಗೆ, ನಾನು ಧಾರವಾಡದ ಜೇಲಿಗೆ, ನೀಲಕ್ಕ? ಅವಳ ಎಡಗಡೆ ನಿಂತು ಊರವರೆಲ್ಲ ಕೊಲಿಗಡಕಿ ಮಗಳು ಅನ್ನುತ್ತಾರೆ, ಅವಳಿಗೆ ಕೇಳುವುದೂ ಇಲ್ಲ. ಕೊಡತಿ ಇಳಿಸಿದೆ. ಚಳಿ ಹೋಗಿ ಉರಿ ಏರಿತು, ಕಣ್ಣು ತೆರೆದ, ಕೆಂಡದ ಕಣ್ಣು, ಹೊರಳಲು ನೋಡಿದ, ಆಗಲಿಲ್ಲ — ಬಿಚ್ಚಬೇ, ಕುದ್ದ ಸಾಯಾಕತ್ತೀನಿ, ಆಕಿ ಬಂದಳೇನ, ಎಲ್ಲಿ ಆಕಿ, ಬಿಚ್ಚು, ಇಬ್ಬರಿಗೂ ತೋರಸ್ತೀನಿ ಇವತ್ತ — ಕಂಬಳಿಯ ಅಡಿಯಲ್ಲಿ ಬಲಗೈ ಉಬ್ಬಿತು, ತಗ್ಗಿತು, ಬಲೆಗೆ ಬಿದ್ದ ಹೆಗ್ಗಣದಂತೆ ಹಾದಿ ಹುಡುಕಿತು. ಕೈ ಬೇಕು, ತಲೆ ಅಲ್ಲ, ಎದೆ ಅಲ್ಲ, ನನಗೆ ಬೇಕಾದದ್ದು ಆ ಕೈ, ಅದೊಂದೇ. ಭುಜದ ಗಂಟನ್ನು ಎಳೆದೆ, ಒಂದೇ ಎಳೆತಕ್ಕೆ ಬಿಚ್ಚಿತು, ಉಳಿದವು ಹಾಗೇ ಇದ್ದವು, ಶಂಕ್ರಪ್ಪಾ, ಕೈ ಹೊರಗ ತಗಿ, ಅಂದೆ — ಹೆಸರು ಬಾಯಿಗೆ ಬಂತು, ಮದುವೆಯ ಚಪ್ಪರದಲ್ಲಿ ಒಡಪು ಕಟ್ಟಿ ನಗುವವರ ನಡುವೆ ಹೇಳಿದ್ದೇ ಕೊನೆ, ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಸವೆಯುತ್ತದಂತೆ, ಸವೆಯಲಿ, ಇವನು ಬೆಚ್ಚಿ ನೋಡಿದ, ಬೈಯಲಿಲ್ಲ, ನಾಲಿಗೆಯಿಂದ ತುಟಿ ಸವರಿಕೊಂಡ, ನೀರು, ಅಂದ, ನೀರ ಕೊಡಬೇ, ಗಂಟಲ ಒಣಗೇತಿ.

ಕೈ ಬಂತು, ಕೌದಿಯ ಅಂಚು ಸರಿಸಿ ಬಂತು, ಬೆವೆತು ಬಿಳಿಚಿ ನೆರಿಗೆ ಬಿದ್ದ ಕೈ, ಅಂಗೈ ಮೇಲಾಗಿ, ಬೆರಳು ಮಡಿಚಿ, ನೀರಿಗೆ ಕುಳಿ ಮಾಡಿಕೊಂಡು ನನ್ನ ಮುಂದೆ ನಿಂತಿತು, ಇದರ ಅಂಗೈ ಹೀಗೆ ನಿಧಾನವಾಗಿ ನಾನು ಕಂಡೇ ಇರಲಿಲ್ಲ, ಗೆರೆಗಳಿವೆ, ದಿಮ್ಮಿ ಹೊತ್ತ ಗಾಯದ ಕಲೆ ಇದೆ, ಬೇಡುತ್ತಿದೆ, ಹೊಡೆಯಲಾಗಲಿಲ್ಲ, ಬೇಡುವ ಕೈಗೆ ಹೊಡೆಯಲಾಗಲಿಲ್ಲ, ಆದ್ದರಿಂದ ಹಿಡಿದು ತಿರುವಿದೆ, ಮತ್ತಿ ಗಿಡದ ದಪ್ಪ ಬೇರಿನ ಮೇಲೆ ಬೋರಲು ಒತ್ತಿದೆ, ಈಗ ಗುರುತು ಸಿಕ್ಕಿತು, ಇದೇ ಕೈ, ಮೊಣಕಾಲಿನಿಂದ ಮಣಿಕಟ್ಟನ್ನು ತುಳಿದು ಹಿಡಿದೆ, ಏ ಏನ ಮಾಡಾಕತ್ತಿ, ಏ ಶಾರದಾ, ಶಾರದವ್ವಾ — ಅವ್ವಾ ಅಂದ, ಕೊಡತಿ ಇಳಿಯಿತು, ಒಣ ಕಟ್ಟಿಗೆಯ ಸದ್ದು, ಮತ್ತೊಮ್ಮೆ, ಈಗ ಹಸಿ ಸದ್ದು, ಕಾಗೆಗಳು ಎದ್ದವು, ಇವನು ಒದರುತ್ತಿದ್ದಾನೆ, ಜೋಲಿ ತೂಗುತ್ತಿದೆ, ಬಿಟ್ಟೆ, ಚೊಂಬು ತಂದೆ, ತಲೆ ಎತ್ತಿ ಹಿಡಿದು ನಾನೇ ನೀರು ಕುಡಿಸಿದೆ, ಕುಡಿದ, ನನ್ನ ಕೈ ನೋಡುತ್ತ ಕುಡಿದ, ಮನೆಗೆ ಹೋಗಬೇಕು, ಚಕ್ಕಡಿ ಹೂಡಬೇಕು, ನೀಲಕ್ಕನಿಗೆ ಹೇಳಬೇಕು, ಬಲಗಡೆ ನಿಂತು ಹೇಳಬೇಕು, ಏನಂತ, ಇನ್ನು ಬಡಿಯೂದುಲ್ಲವ್ವಾ ಅಂತ, ಇನ್ನು — ಆ ಕೈ ಬೇರಿನ ಪಕ್ಕ ಜೋತಾಡುತ್ತಿದೆ, ಅದನ್ನು ನೋಡುತ್ತಿದ್ದೇನೆ, ಅದು ಕಾಣುತ್ತಿಲ್ಲ, ಕಾಣುವುದು ಇನ್ನೊಂದು, ಮೇಲಾಗಿ ಹಿಡಿದದ್ದು, ಕುಳಿ ಮಾಡಿದ್ದು, ಅಂಗೈ, ನೀರಿಗೆ ಚಾಚಿದ ಅಂಗೈ, ನಾನು ತಿರುವುವ ಮೊದಲಿನ ಅಂಗೈ, ಅಂಗೈ